ಗಾಜಿನೊಳಗೆ ಅವ್ವನ ಸೀರೆ

ಭಾನುವಾರ ಸಂಜೆಯೊಳಗೆ ಅವ್ವ ಹೂಂ ಅನ್ನಬೇಕಿತ್ತು. ಅಪ್ಪನ ಹೃದಯದ ರಕ್ತನಾಳ ಮೂರು ಕಡೆ ಕಟ್ಟಿದೆ, ಎದೆ ತೆರೆದು ಆಪರೇಷನ್ ಮಾಡಲೇಬೇಕು, ತಡ ಮಾಡಿದಷ್ಟೂ ಅಪಾಯ ಎಂದು ಕಲಬುರಗಿಯ ಡಾಕ್ಟರು ಗುರುವಾರ ಹೇಳಿ ಕಳಿಸಿದ್ದರು. ಸೋಮವಾರ ಬಂದು ಸೇರುವುದಾದರೆ ಭಾನುವಾರ ಸಂಜೆಯೊಳಗೆ ಫೋನ್ ಮಾಡಿ ತಿಳಿಸಿ ಎಂದಿದ್ದರು. ಅಪ್ಪ ಮಾತ್ರ ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತಿದ್ದ: "ಅಕಿ ಹೂಂ ಅಂದ್ರ ಹೋಗಮು, ಇಲ್ಲಂದ್ರ ಇಲ್ಲೇ ಇರಮು." ಹೇಳಿ ನಗುತ್ತಿದ್ದ. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ರೈಲ್ವೆಯಲ್ಲಿ ಅಷ್ಟು ವರ್ಷ ದುಡಿದ ಮನುಷ್ಯ, ತನ್ನ ಜೀವದ ಮಾತನ್ನು ಹೆಂಡತಿಯ ತಲೆಗೆ ಕಟ್ಟಿ ಆರಾಮಾಗಿ ಕೂತಿದ್ದಾನಲ್ಲ ಎಂದು ಸಿಟ್ಟು.

ಅವ್ವ ಹೂಂ ಅನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಸುಲೇಪೇಟದ ನಮ್ಮ ಸೋದರಮಾವ, ಅಂದರೆ ಅವ್ವನ ಅಣ್ಣ, ಇದೇ ಆಪರೇಷನ್ನಿಗೆಂದು ಹೈದರಾಬಾದಿಗೆ ಹೋದವನು ಜೀವಂತ ವಾಪಸ್ ಬಂದಿರಲಿಲ್ಲ. ಅವನನ್ನು ಹೋಗು ಹೋಗು ಎಂದು ಕಳಿಸಿಕೊಟ್ಟವರಲ್ಲಿ ಅವ್ವನೂ ಒಬ್ಬಳು. ಹಾಗಾಗಿ ಈಗ ಏನಾದರೊಂದು ಸೂಚನೆ ಸಿಗಲಿ ಎಂದು ಕಾಯುತ್ತಿದ್ದಳು. ಅವ್ವನದು ಮೊದಲಿನಿಂದಲೂ ಇದೇ ಸ್ವಭಾವ. ನನ್ನ ಕೆಲಸದ ಸಂದರ್ಶನದ ದಿನ ಬೆಕ್ಕು ಅಡ್ಡ ಹೋಯಿತೆಂದು ನನ್ನನ್ನು ಮನೆಗೆ ಕರೆತಂದು, ನೀರು ಕುಡಿಸಿ, ಕೂರಿಸಿ, ಬಸ್ಸು ತಪ್ಪಿಸಿದವಳು. ಶುಕ್ರವಾರ ಹೂಂ ಅನ್ನಲು ಬಾಯಿ ತೆರೆದಿದ್ದಳು, ಅಷ್ಟರಲ್ಲಿ ಹಲ್ಲಿ ಲೊಚಗುಟ್ಟಿತು. ಯಾವ ದಿಕ್ಕಿನಿಂದ ಲೊಚಗುಟ್ಟಿತು ಎಂದು ಅರ್ಧ ಗಂಟೆ ಗೋಡೆ ನೋಡುತ್ತ ಕೂತಳು. ನಾನು ಚಿತ್ತಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮಕ್ಕಳಿಗೆ ಗ್ರಹಣದ ದಿನ ಬಿಸ್ಕೀಟು ತಿನ್ನಿಸುವವಳು. ಹೊಟ್ಟೆಪಾಡಿಗೆ ಲೊಚಗುಟ್ಟುವ ಒಂದು ಹಲ್ಲಿ ಅಪ್ಪನ ಆಯುಷ್ಯ ತೀರ್ಮಾನಿಸುತ್ತಿದೆಯಲ್ಲ ಎಂದು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.

ಇಂಥ ಹೊತ್ತಿನಲ್ಲಿ ಸೇಡಂನ ಕಲಾ ಸಂಗ್ರಹಾಲಯದಿಂದ ಕರೆ ಬಂತು. ಹಿಂದಿನ ವರ್ಷ ಅವರು ಈ ಭಾಗದ ಊರೂರು ತಿರುಗಿ ಹಬ್ಬಗಳಲ್ಲಿ ಉಡುವ ತೊಡುವ ಹಳೆಯ ಬಟ್ಟೆಗಳನ್ನು ಕೂಡಿಸಿದ್ದರು. ವಾಡಿಯ ನಮ್ಮ ಮನೆಗೂ ಬಂದಿದ್ದರು. ಅವ್ವ ತನ್ನ ಟ್ರಂಕಿನ ತಳದಿಂದ ಒಂದು ಹಸಿರು ಇಳಕಲ್ ಸೀರೆ ಮತ್ತು ಖಣದ ಕುಪ್ಪಸ ತೆಗೆದು ಕೊಟ್ಟಿದ್ದಳು. ಮದುವೆಯಾದ ಮೊದಲ ಎಳ್ಳಮಾವಾಸ್ಯೆಗೆ ತವರಿನವರು ಕೊಟ್ಟ ಸೀರೆ ಅದು. ನಾಲವಾರದ ಹತ್ತಿರ ನಮ್ಮದೊಂದು ಸಣ್ಣ ಹೊಲವಿದೆ. ಪ್ರತಿ ಎಳ್ಳಮಾವಾಸ್ಯೆಗೆ ಅದೇ ಸೀರೆ ಉಟ್ಟು, ಭಜ್ಜಿ ರೊಟ್ಟಿಯ ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತಿದ್ದಳು. ಅಪ್ಪ ಮುಂದೆ ನಡೆದು ಭೂಮಿತಾಯಿಗೆ ಎಡೆಯೆಂದು ಬೆಳೆಯೊಳಗೆ ಚರಗ ಚೆಲ್ಲಿದರೆ ಇವಳು ಹಿಂದೆ ನೀರು ಹಾಕುತ್ತ ಹೋಗುವುದು. ಈಗ ಆ ಸೀರೆ ಪ್ರದರ್ಶನಕ್ಕಿಟ್ಟಿದ್ದೇವೆ, ಬಂದು ನೋಡಿ ಹೋಗಿ ಎಂದು ಕರೆದಿದ್ದರು.

ಅವ್ವ ಒಲ್ಲೆ ಎಂದಳು. ಅಪ್ಪನೇ ಹಟ ಹಿಡಿದ. ಮನೆಯಲ್ಲಿ ಕೂತು ನನ್ನ ಮುಖ ನೋಡಿ ನೋಡಿ ಏನು ಮಾಡುತ್ತೀ, ಮಗ ನನ್ನ ಹತ್ತಿರ ಇರುತ್ತಾನೆ, ನೀನೂ ಮಗಳೂ ಹೋಗಿ ಬರ್ರಿ ಎಂದು ನಮ್ಮನ್ನು ಹೊರಗೆ ಅಟ್ಟಿದ. ಭಾನುವಾರ ಬೆಳಿಗ್ಗೆ ವಾಡಿಯಲ್ಲಿ ರೈಲು ಹತ್ತಿದೆವು.

ದಾರಿಯಲ್ಲಿ ನನಗೆ ಹೊಸ ಕೆಲಸವೊಂದು ಅಂಟಿಕೊಂಡಿತು. ಅವ್ವನ ಕಣ್ಣಿಗೆ ಕೆಟ್ಟ ಶಕುನ ಯಾವುದೂ ಬೀಳದ ಹಾಗೆ ಕಾಯುವುದು. ಚಿತ್ತಾಪುರ ಸ್ಟೇಷನ್ನಿನಲ್ಲಿ ಒಬ್ಬಾಕೆ ಖಾಲಿ ಕೊಡ ಹಿಡಿದು ಪ್ಲಾಟ್‌ಫಾರಂ ಮೇಲೆ ನಮ್ಮ ಕಡೆಗೇ ಬರುತ್ತಿದ್ದಳು. ನಾನು ತಟ್ಟನೆ ಎದ್ದು ಕಿಟಕಿಗೆ ಬೆನ್ನು ಕೊಟ್ಟು ನಿಂತೆ. ಯಾಕೆ ನಿಂತೆ ಎಂದು ಅವ್ವ ಕೇಳಿದಳು. ಸೊಂಟ ಹಿಡಿದಿದೆ ಎಂದೆ. ಅದೇ ಊರಿನ ಶಾಲೆಯಲ್ಲಿ ಮೂಢನಂಬಿಕೆಯ ಮೇಲೆ ಗಂಟೆಗಟ್ಟಲೆ ಭಾಷಣ ಬಿಗಿಯುವ ಮೇಡಂ, ಒಂದು ಕೊಡಕ್ಕೆ ಅಡ್ಡವಾಗಿ ನಿಂತಿದ್ದಳು. ನನ್ನ ವಿದ್ಯಾರ್ಥಿಗಳ್ಯಾರೂ ನೋಡದಿದ್ದರೆ ಸಾಕು ಎನಿಸಿತು.

ಸಂಗ್ರಹಾಲಯ ಒಂದು ಹಳೆಯ ಫರಸಿ ಕಲ್ಲಿನ ಕಟ್ಟಡ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು. ಮೊದಲ ಕೋಣೆಯಲ್ಲಿ ಮೊಹರಮ್ಮಿನ ಹುಲಿವೇಷದ ಬಾಲ, ಕಿವಿಟೊಪ್ಪಿಗೆ, ಬಯಲಾಟದ ಕಿರೀಟ, ಭುಜಕೀರ್ತಿ, ಲಂಬಾಣಿ ಹೆಂಗಸರ ಕನ್ನಡಿ ಹೊಲಿದ ಲಂಗ ಇದ್ದವು. ಅವ್ವ ಒಂದೊಂದರ ಮುಂದೆಯೂ ನಿಂತು ಹೊಲಿಗೆ ನೋಡುತ್ತಿದ್ದಳು. ಮೂರು ದಿನದ ಮೇಲೆ ಅವಳ ಮುಖದ ಗಂಟು ಸ್ವಲ್ಪ ಸಡಿಲಾಗಿತ್ತು. ಹುಲಿಯ ಬಾಲಕ್ಕೆ ಹಾಕಿದ ಟಾಕಿ ಯಾವನೋ ಗಂಡಸು ಹಾಕಿದ್ದು, ಎಷ್ಟು ಒಡ್ಡೊಡ್ಡಾಗಿದೆ ನೋಡು ಎಂದು ನಕ್ಕಳು ಕೂಡ. ಅವಳು ಅಲ್ಲೇ ಇರಲಿ ಎಂದು ನಾನು ಮುಂದಿನ ಕೋಣೆಗೆ ಹೋದೆ.

ಗಾಜಿನ ಪೆಟ್ಟಿಗೆಯೊಳಗೆ ಆಳೆತ್ತರದ ಗೊಂಬೆಯೊಂದಕ್ಕೆ ಅವ್ವನ ಸೀರೆ ಉಡಿಸಿದ್ದರು. ನಿರಿಗೆ ಚಂದ ಬಂದಿತ್ತು, ಸೆರಗನ್ನು ತಲೆಯ ಮೇಲೆ ಹೊದಿಸಿದ್ದರು. ತಲೆಯ ಮೇಲೆ ಬುಟ್ಟಿ ಇತ್ತು. ಕೆಳಗಿನ ಚೀಟಿಯಲ್ಲಿ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೊರಟ ಮುತ್ತೈದೆ ಎಂದು ಬರೆದಿತ್ತು. ಆದರೆ ಗೊಂಬೆಯ ಹಣೆಯಲ್ಲಿ ಕುಂಕುಮವಿರಲಿಲ್ಲ. ಕೊರಳಲ್ಲಿ ತಾಳಿ ಇರಲಿಲ್ಲ. ಬುಟ್ಟಿ ಹಿಡಿಯಲು ಎತ್ತಿದ ಎರಡೂ ಕೈ ಮೊಣಕೈವರೆಗೆ ಬೋಳಾಗಿದ್ದವು, ಒಂದು ಬಳೆಯೂ ಇಲ್ಲ. ಗಂಡನ ಆಪರೇಷನ್ನಿಗೆ ಹೂಂ ಅನ್ನಲೋ ಬೇಡವೋ ಎಂದು ಸೂಚನೆ ಹುಡುಕುತ್ತಿರುವ ಹೆಂಗಸಿಗೆ, ಅವಳದೇ ಸೀರೆ ಉಡಿಸಿದ ವಿಧವೆಯೊಬ್ಬಳನ್ನು ಗಾಜಿನೊಳಗೆ ನಿಲ್ಲಿಸಿ ಇಟ್ಟಿದ್ದರು.

ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯೂ ಆಯಿತು. ಅಪ್ಪನ ಅಕ್ಕ, ನಮ್ಮ ಅತ್ತೆ, ಗಂಡ ತೀರಿಕೊಂಡ ಮೇಲೆ ಬಳೆಯಿಲ್ಲದ ಬರಿಗೈಯಲ್ಲೇ ನಮ್ಮ ಮನೆಯಲ್ಲಿ ಬದುಕಿ ನಮ್ಮನ್ನೆಲ್ಲ ಎತ್ತಿ ಆಡಿಸಿದವಳು. ಅವಳ ಕೈ ಕಂಡರೆ ನಮಗೆ ಹಸಿವು ನೆನಪಾಗುತ್ತಿತ್ತೇ ಹೊರತು ಹೆದರಿಕೆಯಲ್ಲ. ಬರಿಗೈ ಅಪಶಕುನ ಎನ್ನುವವರ ಜೊತೆ ಜಗಳಕ್ಕೆ ನಿಲ್ಲುವವಳು ನಾನು. ಇಷ್ಟೆಲ್ಲ ಗೊತ್ತಿದ್ದೂ ಅವ್ವ ಬಂದಳೇ ಎಂದು ಹಿಂದೆ ತಿರುಗಿ ನೋಡಿದೆ.

ಬಾಗಿಲ ಬಳಿ ಕೂತಿದ್ದ ಅಲ್ಲಿಯ ಕೆಲಸದ ಹೆಣ್ಣುಮಗಳ ಹತ್ತಿರ ಓಡಿದೆ. ದನಿ ತಗ್ಗಿಸಿ, ಆ ಗೊಂಬೆಗೆ ಬಳೆ ಯಾಕೆ ಹಾಕಿಲ್ಲ ಎಂದು ಕೇಳಿದೆ. ಗೊಂಬೆಯ ಬೆರಳು ಮಡಚುವುದಿಲ್ಲ, ಗಾಜಿನ ಬಳೆ ಏರಿಸಲು ಹೋದರೆ ಎರಡು ಒಡೆದವು, ಅದಕ್ಕೆ ಬಿಟ್ಟೆವು, ಕುಂಕುಮ ಉದುರಿದರೆ ಸೀರೆಗೆ ಕಲೆಯಾಗುತ್ತದೆ ಎಂದಳು. ಬಳೆ ಬೇರೆ ಒಡೆದಿವೆ, ಅದೂ ಆ ಸೀರೆಯ ಮೇಲೆ. ಪೆಟ್ಟಿಗೆ ತೆಗೆಯಿರಿ, ಹೇಗಾದರೂ ಮಾಡಿ ಏನಾದರೂ ಹಾಕೋಣ ಎಂದು ಕೈ ಜೋಡಿಸಿದೆ. ಬೀಗದ ಕೈ ಸಾಹೇಬರ ಹತ್ತಿರ ಇದೆ, ಅವರು ಕಲಬುರಗಿಗೆ ಹೋಗಿದ್ದಾರೆ, ನಾಳೆ ಬರುತ್ತಾರೆ ಎಂದಳು. ಮನೆಯ ವಿಷಯ ಎರಡು ಮಾತಿನಲ್ಲಿ ಹೇಳಿದೆ. ಅವಳ ಮುಖ ಸಪ್ಪಗಾಯಿತು. ನಮಗೆ ಹೊಳೆಯಲೇ ಇಲ್ಲ ಮೇಡಂ ಎಂದು ತನ್ನ ಕೈಯ ಬಳೆಗಳನ್ನೇ ತಿರುವುತ್ತ ನಿಂತಳು. ಪಾಪ, ಅವಳಾದರೂ ಏನು ಮಾಡಿಯಾಳು?

ಇನ್ನು ಉಳಿದಿದ್ದು ಸುಳ್ಳು ಹೇಳುವುದೊಂದೇ. ಅವ್ವನ ಬಳಿ ಹೋಗಿ, ಒಳಗಿನ ಕೋಣೆಗೆ ಇವತ್ತು ಬೀಗ ಹಾಕಿದ್ದಾರಂತೆ, ಇನ್ನೊಮ್ಮೆ ಅಪ್ಪನನ್ನೇ ಕರೆದುಕೊಂಡು ಬರೋಣ, ರೈಲಿಗೆ ಹೊತ್ತಾಯಿತು ಎಂದೆ. ಒಂದೇ ಉಸಿರಿನಲ್ಲಿ ಮೂರು ನೆಪ ಹೇಳಿದ್ದು ನನಗೇ ಕೇಳಿಸಿತು. ಅವ್ವ ನನ್ನ ಮುಖ ನೋಡಿದಳು, ನಾನು ಬಂದ ಬಾಗಿಲನ್ನು ನೋಡಿದಳು, ಆ ಕಡೆ ನಡೆದಳು. ತೋಳು ಹಿಡಿದೆ. ಕೊಸರಿಕೊಂಡಳು.

ಗಾಜಿನ ಮುಂದೆ ಹೋಗಿ ನಿಂತಳು. ಮೊದಲು ಸೆರಗಿನ ಅಂಚು ನೋಡಿದಳು, ಆಮೇಲೆ ನಿರಿಗೆ. ಆಮೇಲೆ ಕಣ್ಣು ಮೇಲೇರಿ ಕೈಗಳ ಹತ್ತಿರ ನಿಂತಿತು. ನಾನು ಅವಳ ಹಿಂದೆ ನಿಂತು ಏನೇನೋ ಹೇಳತೊಡಗಿದೆ, ಬೆರಳು ಮಡಚುವುದಿಲ್ಲವಂತೆ, ನಾಳೆ ಹಾಕುತ್ತಾರಂತೆ, ಇದು ಬರೀ ಗೊಂಬೆ. ಅವ್ವ ಕೈ ಎತ್ತಿ ಸುಮ್ಮನಿರಲು ಹೇಳಿದಳು. ನಂತರ ಮೆಲ್ಲಗೆ ಗೋಡೆ ಹಿಡಿದು ಅಲ್ಲೇ ಫರಸಿಯ ಮೇಲೆ ಕೂತುಬಿಟ್ಟಳು. ಮುಗಿಯಿತು, ಇನ್ನು ಹೂಂ ಅನ್ನುವುದಿಲ್ಲ, ಅಪ್ಪನನ್ನು ಇವಳು ಕಳಿಸುವುದಿಲ್ಲ ಎಂದುಕೊಂಡೆ. ತಮ್ಮ ಮತ್ತು ನಾನು ಸೇರಿ ಇವಳನ್ನು ಮೀರಿ ಕರೆದೊಯ್ಯಬಹುದೇ, ಹಾಗೆ ಒಯ್ದು ಅಲ್ಲಿ ಹೆಚ್ಚು ಕಡಿಮೆಯಾದರೆ ಇವಳ ಮುಖ ಹೇಗೆ ನೋಡುವುದು, ಎಲ್ಲವೂ ಒಟ್ಟಿಗೆ ತಲೆಗೆ ಬಂದವು. ನನಗೆ ಅಳು ಬಂತು.

"ಅಳಬ್ಯಾಡ," ಅಂದಳು ಅವ್ವ. "ಮೂರು ದಿನ ಆತು, ಕಣ್ಣ ಮುಚ್ಚಿದ್ರ ಇಕಿನೇ ಕಾಣಲಾಕತ್ತಾಳ. ಇವೇ ಬರೇ ಕೈ. ಅಂಜಿ ಎದ್ದು ಕುಂದರತಿದ್ದೆ. ಇವತ್ತ ಕಣ್ಣ ಬಿಟ್ಟು ನೋಡಿದೆ."

ನಾನು ಅವಳ ಪಕ್ಕದಲ್ಲಿ ಕೂತೆ.

"ಕಳಿಸಿದ್ರೂ ಹಿಂಗ ಆಗಬಹುದು, ಬಿಟ್ರೂ ಹಿಂಗ ಆಗಬಹುದು. ಆದ್ರ ನಾ ಸುಮ್ಮ ಕುಂತು ಹಿಂಗ ಆತು ಅಂದ್ರ ಭಾಳ ತ್ರಾಸ ಆಗತದ, ನನಗ ತಡಕೊಳ್ಳಲಿಕ್ಕ ಆಗಂಗಿಲ್ಲ. ಫೋನ್ ಹಚ್ಚು ನಿಮ್ಮಪ್ಪಗ."

ಇಡೀ ಬೆಳಿಗ್ಗೆ ಅವಳ ಕಣ್ಣಿಗೆ ಪರದೆ ಕಟ್ಟುತ್ತ ಓಡಾಡಿದ್ದೆ. ನಮ್ಮಿಬ್ಬರಲ್ಲಿ ಆ ಗೊಂಬೆಗೆ ಹೆಚ್ಚು ಹೆದರಿದವಳು ನಾನೇ. ಅವಳ ಕಾಲು ಹಿಡಿಯಬೇಕೆನಿಸಿತು, ಆದರೆ ಫೋನ್ ಹಚ್ಚಿದೆ. ಅಪ್ಪ ಎತ್ತಿದ. ಅವ್ವನಿಗೆ ಕೇಳಲೆಂದು ಸ್ಪೀಕರ್ ಹಾಕಿ ನಡುವೆ ಹಿಡಿದೆ. ಸೀರೆ ಹೇಗೆ ಕಾಣುತ್ತದೆ, ಜನ ಬಂದಿದ್ದಾರಾ ಎಂದು ಅಪ್ಪ ಎಂದಿನ ನಗೆಯಲ್ಲೇ ಶುರು ಮಾಡಿದ.

ಅವ್ವ ಫೋನಿನ ಹತ್ತಿರ ಬಾಗಿದಳು. "ನಾಳಿ ದವಾಖಾನಿಗಿ ಹೋಗಮು ರಿ," ಅಂದಳು.

ಆ ಕಡೆ ನಗು ನಿಂತಿತು. ರೈಲಿನ ಕೂಗು ದೂರದಲ್ಲಿ ಕೇಳಿಸಿತು.

"ಖರೇನ ಅನ್ಲಾಕತ್ತಿ?" ಎಂದ ಅಪ್ಪ. ಆ ದನಿ ನನಗೆ ಗುರುತೇ ಸಿಗಲಿಲ್ಲ.

"ಖರೇನ."

"ನನಗ ಬದಕಬೇಕಾಗ್ಯದ," ಎಂದ ಅಪ್ಪ. "ಬಾಯಿ ಬಿಟ್ಟು ಹೇಳಲಿಕ್ಕ ಆಗಲಿಲ್ಲ. ನಿನ್ನ ಮ್ಯಾಲೆ ಹಾಕಿದೆ. ತಪ್ಪಾತು."

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಗೊತ್ತಿದೆ ಬಿಡಿ, ಊಟ ಆಯಿತೇ, ಗುಳಿಗೆ ತೆಗೆದುಕೊಂಡಿರಾ ಎಂದು ಕೇಳಿದಳು. ಅಪ್ಪ ಅಳುತ್ತಿದ್ದ. ಅಪ್ಪ ಅತ್ತದ್ದನ್ನು ಅಲ್ಲಿಯವರೆಗೆ ನಾನು ಕೇಳಿರಲಿಲ್ಲ.