ಸೊಂಟದಾಗಿನ ಕೀಲ

ಮಿಕ್ಸರ್ ತೊಳಿಯೋ ಮುಂದ ನಾನು ಅದರ ಪ್ಲಗ್ಗು ಕಿತ್ತು, ವೈರ್ ಎಳಕೊಂಡು, ಸೊಂಟಕ್ಕ ಸಿಗಿಸ್ಕೊಂಡೇ ಕೂಡ್ತೀನಿ. ಮಗ್ಗಲಮನಿಯವರು ನೋಡಿದ್ರ, ಮುದುಕಿ ಮಿಕ್ಸರಿಗೆ ದಾವಣಿ ಹಾಕಿ ಎಮ್ಮಿ ಕಟ್ಟಿದಂಗ ಕಟ್ಕೊಂಡು ಕುಂತಾಳ ಅಂತ ನಗ್ತಾರ. ಮೊಮ್ಮಗಳು ರೇಣುಕಾ, 'ಆಯಿ, ಸ್ವಿಚ್ ಬಂದ್ ಅದ' ಅಂತಾಳ. ಇರ್ಲಿ. ಸ್ವಿಚ್ಚು ಗ್ವಾಡಿ ಮ್ಯಾಲ ಅದ, ಗ್ವಾಡಿ ಎಲ್ಲಾರದು. ಸೊಂಟ ನಂದು.

ಈ ಚಟ ನನಗ ಹತ್ತಿದ್ದು ಯಾದಗಿರಿಯ ಶೇಂಗಾದ ಗಿರಣಿಯಾಗ. ನಿಜಾಮನ ರಾಜ್ಯ ಮುಗಿದು, ಕಚೇರಿ ಮ್ಯಾಲಿನ ನಿಶಾನಿ ಬದಲಾಗಿತ್ತು, ಆದ್ರ ಒಳಗಿನ ಮಂದಿಗೆ ಇನ್ನ ಯಾರಿಗೆ ಸಲಾಂ ಹೊಡೀಬೇಕು ಅನ್ನೋದು ತಿಳಿದಿರಲಿಲ್ಲ, ಅಂಥ ವರ್ಷಗಳು ಅವು. ಭೀಮಾ ಹೊಳಿ ದಂಡಿಗೆ ನಮ್ಮ ಮನಿ, ಅಪ್ಪ ಮೀನ ಹಿಡೀತಿದ್ದ. ನಾನು, ವಡಗೇರಾದಿಂದ ಲಗ್ನಾಗಿ ನಮ್ಮ ಓಣಿಗೆ ಬಂದಿದ್ದ ಸಾಬವ್ವ, ಇಬ್ರೂ ಗಿರಣಿ ಕೂಲಿಗೆ ಹೋಗ್ತಿದ್ವಿ. ಆಕಿ ನನಗಿಂತ ದೊಡ್ಡಾಕಿ, ಬಾಯಿ ಕುಡಗೋಲು. ನಾನು ತಪ್ಪು ಮಾಡಿದ್ರ ಬೈತಿದ್ಲು, ಮಾಡದಿದ್ರ ಇವತ್ತೇನು ಆರಾಮಿಲ್ಲೇನು ಅಂತ ಕೇಳ್ತಿದ್ಲು.

ಶೇಂಗಾ ಒಡದ ಮ್ಯಾಲ ಅದರ ಸಿಪ್ಪಿನ್ನ ಒಂದು ದೊಡ್ಡ ಪಂಖಾ ಜಗ್ಗಿ, ಕೊಳಿವಿಯೊಳಗಿಂದ ಒಯ್ದು, ಆನಿ ಗಾತ್ರದ ತಗಡಿನ ಲಾಳಿಕಿಯಾಗ ಚೆಲ್ಲತಿತ್ತು. ಲಾಳಿಕಿ ತಳ ತೆರದಿಟ್ರ ಹೊರಗಿನ ಗಾಳಿ ನುಗ್ಗಿ ಸಿಪ್ಪಿ ಕೆಳಗ ಬೀಳಂಗಿಲ್ಲ. ಮುಚ್ಚಿಟ್ರ ತುಂಬಿ ಇಡೀ ಗಿರಣಿ ಉಸಿರುಗಟ್ಟತದ. ಅದಕ್ಕ ಆ ತಳದಾಗ ಒಂದು ಕಬ್ಬಿಣದ ಡಬ್ಬಿ, ಡಬ್ಬಿಯೊಳಗ ಆರು ರೆಕ್ಕಿಯ ಚಕ್ರ. ಎರಡು ರೆಕ್ಕಿ ನಡುವ ಬಿದ್ದಷ್ಟು ಸಿಪ್ಪಿ ಹೊತ್ತು ಕೆಳಗ ಸುರೀತಿತ್ತು, ಗಾಳಿಗೆ ಮಾತ್ರ ದಾರಿ ಕೊಡ್ತಿರಲಿಲ್ಲ. ಮಿಸ್ತ್ರಿ ಅದಕ್ಕ ಏರ್‌ಲಾಕ್ ಅಂತಿದ್ದ, ನಾವು ಗಾಳಿಬಾಗಲಾ ಅಂತಿದ್ವಿ.

ಅದರ ಚಾಕರಿ ನಮ್ಮಿಬ್ಬರದು. ರೆಕ್ಕಿ ತುದಿಗೆ ಬಿಗಿದ ಚರ್ಮದ ಪಟ್ಟಿ ಸವದ್ರ ಡಬ್ಬಿ ಸುಯ್ ಅಂತ ಅಳ್ತಿತ್ತು, ಸಪ್ಪಳ ಕೇಳಿ ಪಟ್ಟಿ ಬದಲಿ ಮಾಡಬೇಕು. ಹಸಿ ಶೇಂಗಾ ಬಂದ ದಿನ ಸಿಪ್ಪಿ ಮೆತ್ತಿಕೊಂಡು ಗಂಟು ಕಟ್ಟತಿತ್ತು, ಚೀಲದ ಸುತಳಿ, ಹೊಲದ ಹಳ್ಳು-ಕಲ್ಲು ಸಿಗಬೀಳ್ತಿತ್ತು. ಕಟಗಿಲೆ ತಿವಿದ್ರ ಪಟ್ಟಿ ಹರೀತದ, ಕೈಯೇ ಬೇಕು. ಮೊಣಕೈತನ ಒಳಗ ಬಿಟ್ಟು, ಕಣ್ಣ ಮುಚ್ಚಿ, ಸೂಲಗಿತ್ತಿಯಂಗ ಹುಡುಕ್ತಿದ್ವಿ. ಹುಟ್ಟತಿದ್ದದ್ದು ಮಾತ್ರ ಹಳ್ಳು.

ಚಕ್ರ ತಿರಗಸೋ ಪಟ್ಟಾಕ್ಕ ಒಂದು ಹಿಡಿಕಿ ಇತ್ತು. ಹಿಡಿಕಿ ಮುಂದ ಜಗ್ಗಿ ಒಂದು ಕೀಲ ಸಿಗಿಸಿದ್ರ ಚಕ್ರ ತಿರಗತಿತ್ತು. ಕೀಲ ಕಿತ್ತರ ಜೋತುಬಿಟ್ಟ ಕಲ್ಲು ಹಿಡಿಕಿನ್ನ ಹಿಂದಕ್ಕ ಎಳೀತಿತ್ತು, ಚಕ್ರ ನಿಂದ್ರತಿತ್ತು. ದಸ್ತಗೀರ ಮಿಸ್ತ್ರಿ ಹಾಕಿದ ರಿವಾಜು ಒಂದೇ: ಕೈ ಹಾಕಾಕಿ ತಾನೇ ಕೀಲ ಕೀಳಬೇಕು, ತನ್ನ ಸೊಂಟಕ್ಕೇ ಸಿಗಿಸಬೇಕು, ಕೆಲಸ ಮುಗದ ಮ್ಯಾಲ ತಾನೇ ಹಾಕಬೇಕು. ಸಾಹುಕಾರ ಕೇಳಿದ್ರೂ ಕೊಡಂಗಿಲ್ಲ. ಗಿರಣಿಗೆ ಇದ್ದದ್ದು ಅದೊಂದೇ ಕೀಲ. ದಿನಕ್ಕ ಎಷ್ಟೋ ಸಲ ಅಷ್ಟು ದೊಡ್ಡ ಗಿರಣಿ ನನ್ನ ಸೊಂಟದಾಗ ಇರ್ತಿತ್ತು. ಮುಂದ ಗಂಡನ ಮನಿಯಾಗೂ ನನ್ನ ದರ್ಬಾರು ಅಷ್ಟು ನಡೀಲಿಲ್ಲ.

ಆ ವರ್ಷ ಉರ್ದು ರಜಿಸ್ಟರ್ ಕಟ್ಟಿ ಅಟ್ಟಕ್ಕ ಒಗದ್ರು. ಕನ್ನಡದ ರಜಿಸ್ಟರ್ ಬಂತು, ಅದರ ಜೋಡಿ ಹೊಸ ಮ್ಯಾನೇಜರ್ ಬಂದ. ನಾನು ಗಾಳಿಬಾಗಲಾ ಬಳಿಯಾಕತ್ತಿದ್ದೆ, ಹೆಸರು ಬರಿಸಬೇಕು ಬಾ ಅಂತ ಕರದ್ರು, ಹೋದೆ. ಗುಮಾಸ್ತ 'ಹಣಮವ್ವ' ಅಂತ ಒಂದು ಚೀಟಿ ಮ್ಯಾಲೂ ಬರದು, ತಗೋ, ಇದು ನೀನು ಅಂದ. ನನ್ನ ಮಾರಿ ನಾನು ಕನ್ನಡಿಯಾಗ ನೋಡಿದ್ದೇ ಕಮ್ಮಿ, ಇದಂತೂ ಕಾಗದದಾಗ. ಅಲ್ಲಿಂದಲೇ ಪಾಳಿ ಬಿಡ್ತು. ಸಂಜಿ ಮುಂದ ಹೊಳಿ ಉಸುಕಿನ್ಯಾಗ ಕುಂತು ಚೀಟಿ ನೋಡ್ಕೋತ ತಿದ್ದಿದೆ. ಹ ಬಂತು, ಣ ಬಂತು, ಮ ಬಂತು. ಕೊನೀ ಒತ್ತು ಸೊಟ್ಟಾಗಿ ನಾಕು ಸಲ ಅಳಿಸಿದೆ. ಬಳಪ ಇಲ್ಲ, ಯಾತರಲೆ ಬರದೆ ಅಂತ ಕೇಳ್ತೀರಿ. ಸೊಂಟದಾಗಿನ ಕೀಲದಲೆ.

ಮರುದಿನ ಹೋದ್ರ, ನನ್ನ ಹಿಂದ ಬಂದ ಪಾಳಿಯವರು ಕೀಲ ಸಿಗದ, ಕೆಲಸಿಲ್ಲದ ಮನಿಗೆ ಹೋಗಿದ್ರಂತ. ಮ್ಯಾನೇಜರ್ ಮಿಸ್ತ್ರಿಗೆ ಇನ್ನೊಂದು ಕೀಲ ಬಡಿಸು ಅಂತ ಹೇಳಿದ. ನಿಮ್ಮ ಹೆಂಗಸರು ಸೊಂಟದಾಗ ಹಾಕ್ಕೊಂಡು ಮನಿಗೆ ಹೋದ್ರ ಗಿರಣಿ ಅವರ ಹಿಂದ ಹೋಗಬೇಕೇನು ಅಂದ. ದಸ್ತಗೀರ ಮಿಸ್ತ್ರಿ ತಲಿ ತಗ್ಗಿಸಿ ನಿಂತಿದ್ದ.

'ಬ್ಯಾಡ್ರಿ ಸಾಬ್. ಅದು ಕಬ್ಬಿಣ ಅಲ್ರಿ, ಆಕಿ ಕೈ ಅದು. ಎರಡನೇದು ಮಾಡಿಸಬ್ಯಾಡ್ರಿ.'

ಕಮ್ಮಾರ ಎರಡನೇದು ಬಡದ. ಮೊದಲಿನದಕ್ಕಿಂತ ಛಲೋ ಬಡದ. ಅದನ್ನ ಹಿಡಿಕಿ ಮಗ್ಗಲಿಗೆ ಒಂದು ಮೊಳಿಗೆ ತೂಗಹಾಕಿದ್ರು. ನನಗ ಯಾರೂ ಬೈಲಿಲ್ಲ.

ಸುಗ್ಗಿ ಮುಗಿಯೋ ಹೊತ್ತಿಗೆ ಒಂದು ಮಧ್ಯಾಹ್ನ ರೊಟ್ಟಿ ತಿಂದು ಬಂದೆ. ಚಕ್ರ ನಿಂತದ, ಲಾಳಿಕಿ ತುಂಬಿ ಗುಮ್ಮ ಅನ್ನಾಕತ್ತದ. ಕೀಲ ಸಡಲಾಗಿ ಬೀಳೋದು ಇದ್ದದ್ದೆ. ಸಿಪ್ಪಿಯೊಳಗ ಬಿದ್ದಿರಬೇಕು ಅಂತ ತಿಳದೆ. ಒಂದೇ ಕೀಲ ಇದ್ದ ಕಾಲಕ್ಕ ಅದನ್ನ ಹುಡುಕಬೇಕಿತ್ತು, ಹುಡುಕಬೇಕಂದ್ರ ಸಾಬವ್ವನ್ನ ಕೇಳಬೇಕಿತ್ತು. ಈಗ ಮೊಳಿ ಮ್ಯಾಲ ಕೈಗೆ ಸಿಗೋಹಂಗ ಇನ್ನೊಂದು ಇತ್ತು. ಹಿಡಿಕಿ ಜಗ್ಗಿದೆ, ಕೀಲ ಸಿಗಿಸಿದೆ.

ಲಾಳಿಕಿಯ ಆ ಕಡಿ ಸಾಬವ್ವ ಮೊಣಕಾಲೂರಿ ಕುಂತಿದ್ಲು.

ಆ ಚಕ್ರ ಜೋರು ತಿರಗಂಗಿಲ್ಲ. ಬೀಸೋ ಕಲ್ಲಿನಂಗ ಸಾವಕಾಶ ತಿರಗತದ. ಸಾವಕಾಶಲೇ ಒಯ್ತು, ಬಲಗೈದು ನಾಕು ಬಟ್ಟು. ಮಿಸ್ತ್ರಿ ಓಡಿ ಬಂದು ಪಟ್ಟಾ ಕೆಡವಿ, ಡಬ್ಬಿ ಬಿಚ್ಚಿ, ತನ್ನ ರುಮಾಲು ಹರದು ಕಟ್ಟಿದ. ಸಾಬವ್ವ ಗ್ವಾಡಿಗೆ ಆತು ಕುಂತ್ಲು, ಅಳಲಿಲ್ಲ. ಎಡಗೈಲೆ ಸೊಂಟ ತಡವಿ ಹಳೀ ಕೀಲ ತೆಗದು, ನೋಡಿ, ನನಗ ತೋರಿಸಿದ್ಲು.

'ಇಲ್ಲೇ ಅದ ನೋಡು, ಹಣಮಿ. ನನ್ನ ಹತ್ರನೇ ಅದ.'

ನಾಕೈದು ದಿನಕ್ಕ ಕಚೇರಿಗೆ ಕರದ್ರು. ಒಂದು ಕಾಗದ ಇಟ್ಟಿದ್ರು, ಸಾಕ್ಷಿ ಬೇಕು ಅಂದ್ರು. ಮುಂಚಿನಂಗ ಉರ್ದುನ್ಯಾಗ ಇದ್ದಿದ್ರ ದಸ್ತಗೀರ ಮಿಸ್ತ್ರಿ ಓದಿ ಹೇಳ್ತಿದ್ದ. ಈಗ ಅಂವನೂ ನನ್ನಂಗೇ ಆಗಿದ್ದ, ಕಾಗದಾನ್ನ ಎತ್ತ ಹಿಡೀಬೇಕು ಅನ್ನೋದೂ ತಿಳೀದ ನಿಂತಿದ್ದ. ಕೇಳಬೇಕಿತ್ತು, ಏನು ಬರದೀರಿ ಅಂತ. ಕೇಳಲಿಲ್ಲ. ಗುಮಾಸ್ತ ಹೆಬ್ಬಟ್ಟಿಗೆ ಮಸಿ ಮುಂದ ತಂದ. ನಾನು ಬ್ಯಾಡ ಅಂದೆ, ಲೆಕ್ಕಣಿಕಿ ಕೊಡ್ರಿ ಅಂದೆ. ಎಲ್ಲಾರೂ ನೋಡೋಹಂಗ, ನಾಲಿಗಿ ಹೊರಗ ಹಾಕಿ, ನಾಕೂ ಅಕ್ಷರ ಬರದೆ. ಒತ್ತು ಈ ಸಲ ಸೊಟ್ಟಾಗಲಿಲ್ಲ.

ಕಾಗದದಾಗ ಇದ್ದದ್ದು, ಸಾಬವ್ವ ಕೀಲ ಕೀಳದನೇ ಕೈ ಹಾಕಿದ್ಲು, ತಪ್ಪು ಆಕಿದೇ ಅಂತ. ಅದನ್ನ ಓದಿ ತೋರಿಸಿಯೇ ಆಕಿನ್ನ ಗಿರಣಿಯಿಂದ ತೆಗದ್ರು. ಸಾಬವ್ವ ಸೀದಾ ನಮ್ಮ ಬಾಗಲಿಗೆ ಬಂದ್ಲು, ಒಳಗ ಬರಲಿಲ್ಲ.

'ಏನು ಬರದಿ?'

'ಹೆಸರ ಬರದೆ, ಯಕ್ಕ.'

'ಛಲೋ ಕಲ್ತಿ' ಅಂದು ಹೋದ್ಲು.

ಉಳಿದ ಅಕ್ಷರ ನಾನು ಆಮ್ಯಾಲ ಕಲ್ತೆ. ಶಾಣ್ಯಾತನ ಬರಲಿ ಅಂತ ಕಲ್ತಿಲ್ಲ. ಹೆಸರೊಂದೇ ಬರಿಯಾಕ ಬರೋರ ಕೈಲೆ ಏನು ಬೇಕಾದ್ರೂ ಬರಿಸಬಹುದು ಅಂತ ತಿಳದು ಕಲ್ತೆ. ಈಗಲೂ ನನ್ನ ಸಾಲು ಸೊಟ್ಟ, ತಪ್ಪು ಬಾಳ. ನೀವು ಓದೋ ಮುಂದ ನಕ್ಕರ ನಗ್ರಿ. ಅವಾಗಲೇ ಮ್ಯಾನೇಜರ್ ಮುಂದ ಹೋಗಿ ಆ ಕಾಗದ ಸುಳ್ಳು ಅಂತ ಹೇಳಿದ್ದೆ. ಸಹಿ ಯಾರದು ಅಂತ ಕೇಳಿದ. ಅಲ್ಲಿಗೆ ಮುಗೀತು. ಸಾಬವ್ವ ಸಾಯೋತನ ಎಡಗೈಲೆ ರೊಟ್ಟಿ ಬಡದ್ಲು, ಒಂದು ಮಗ್ಗಲು ದಪ್ಪ, ಒಂದು ಮಗ್ಗಲು ಹರಕು. ಕೆಲವೊಮ್ಮೆ ನನಗೂ ಕೊಟ್ಲು. ನನ್ನ ಮ್ಯಾಲ ಸಿಟ್ಟು ಹೋಗ್ಯಾದೋ ಇಲ್ಲೋ ಅಂತ ನಾ ಕೇಳಲಿಲ್ಲ. ಕೇಳಿದ್ರ ಇದ್ದದ್ದೇ ಹೇಳಾಕಿ ಆಕಿ, ಅದಕ್ಕ ಕೇಳಲಿಲ್ಲ.

ಮೊನ್ನೆ ರೇಣುಕಾಗ ಕಡೇಚೂರಿನ ಕಡಿ ಒಂದು ಪುಡಿ ಫ್ಯಾಕ್ಟರಿಯಾಗ ಕೆಲಸ ಸಿಕ್ಕದ. ಅಲ್ಲೂ ಅಂಥದೇ ರೆಕ್ಕಿ ಚಕ್ರ ಅವಂತ. ಈಗ ಕೀಲ ಇಲ್ಲ, ಕರೆಂಟಿನ ಪೆಟಗಿಗೆ ಬೀಗ ಹಾಕಿ, ಚಾವಿ ಕಿಸೇದಾಗ ಇಟ್ಕೊಂಡು ಕೈ ಹಾಕಬೇಕಂತ. ಬಾಳ ಸೇಫ್ಟಿ ಅದ ಆಯಿ ಅಂದ್ಲು. ಇನ್ನೊಂದು ಚಾವಿ ಯಾರ ಹತ್ರ ಇರ್ತದ ಅಂತ ಕೇಳಿದೆ. ಸುಪರ್‌ವೈಜರ್ ಹತ್ರ, ಅರ್ಜೆಂಟ್ ಬೇಕಾದ್ರ ಅಂತ, ಅಂದ್ಲು.

ಆಕಿಗೆ ಇದೆಲ್ಲಾ ಹೇಳಿದೆ, ಈ ಕಾಗದಕ್ಕ ಬರಿಯೋಕಿಂತ ಮೊದಲ. ಇವತ್ತ ಮುಂಜಾನಿ ಮಿಕ್ಸರ್ ತೊಳಿಯಾಕ ತಾನೇ ಕುಂತ್ಲು. ಸ್ವಿಚ್ ಬಂದ್ ಅದ ಅಂತ ಹೇಳಲಿಲ್ಲ. ಪ್ಲಗ್ಗು ಕಿತ್ತು, ತಗೋ ಆಯಿ, ನೀ ಹಿಡ್ಕೊ ಅಂತ ನನ್ನ ಕಡಿ ಚಾಚಿದ್ಲು. ನಾನು ಎರಡೂ ಕೈ ಹಿಂದಕ್ಕ ತಗೊಂಡೆ.

'ನನ್ನ ಕೈಯಾಗ ಕೊಡಬ್ಯಾಡ' ಅಂದೆ. 'ನಿನ್ನ ಸೊಂಟಕ್ಕ ಸಿಗಿಸ್ಕೊ.'