ಕೆಜಿಯಾ ಲಾರ್ಟರಳ ಮರದ ಸೌಟು

ಇಂಗ್ಲೆಂಡಿನ ನಾರ್ಫೋಕಿನ ಮಾರ್ಲ್‌ಬಿ ಊರಿನ ಮಠ ಹಾಳಾಗಿ ನಾನೂರು ವರ್ಷವಾಗಿತ್ತು. ಮಠಗಳನ್ನೆಲ್ಲ ಮುಚ್ಚಿಸಿದ ಹೆನ್ರಿ ರಾಜನ ಆಳುಗಳು ಸೂರು ಕಿತ್ತರು, ಅದರ ಸೀಸದ ತಗಡು ಮಾರಿಕೊಂಡರು, ಸಂತ ವಿಲ್ಗಾರನ ಎಲುಬುಗಳನ್ನು ಎಲ್ಲಿಗೆ ಎಸೆದರೋ ದೇವರೇ ಬಲ್ಲ. ಉಳಿದದ್ದು ಒಂದು ಪಕ್ಕದ ಕೋಣೆ, ಅದರೊಳಗೆ ಸಂತನ ಖಾಲಿ ಕಲ್ಲುಗೋರಿ, ಗೋರಿಯ ಬುಡದಲ್ಲಿ ಮೂರು ತೂತು. ನೋಯುವ ಕೈಯನ್ನೋ ಕಾಲನ್ನೋ ಆ ತೂತಿಗೆ ತೂರಿಸಿದರೆ ವಾಸಿಯಾಗುತ್ತದೆ ಎಂಬ ನಂಬಿಕೆ ಮಾತ್ರ ರಾಜನ ಆಳುಗಳಿಗೂ ಸಿಗದೆ ಉಳಿದುಕೊಂಡಿತ್ತು.

ಕೋಣೆಯ ಕೀಲಿಕೈ ಇದ್ದದ್ದು ಎದುರುಮನೆಯ ಕೆಜಿಯಾ ಲಾರ್ಟರ್ ಬಳಿ. ತಮಾಷೆಯೆಂದರೆ, ಆಕೆಗೆ ಸಂತರನ್ನು ಕಂಡರಾಗದು. ಅವಳು ಮೆಥೊಡಿಸ್ಟ್ ಪಂಥದ ಹೆಂಗಸು; ದೇವರ ಹತ್ತಿರ ನೇರ ಮಾತಾಡುವಾಗ ನಡುವೆ ದಲ್ಲಾಳಿ ಯಾಕೆ ಎನ್ನುವವಳು. ಗಂಡ ಸತ್ತಾಗ ಅವನ ಹಳೇ ಕೋಟು, ಆರು ಕೋಳಿಗಳ ಜೊತೆ ಈ ಕೀಲಿಕೈಯೂ ಅವಳ ಪಾಲಿಗೆ ಬಂತು. ಮೂವತ್ತೊಂದು ವರ್ಷ ಬಂದವರಿಗೆಲ್ಲ ಬಾಗಿಲು ತೆರೆದು, "ಒಳಗೇನಿಲ್ಲ, ಬರೀ ಕಲ್ಲು. ಕಾಲು ಒರೆಸ್ಕೊಂಡು ಹೋಗಿ," ಎನ್ನುತ್ತಿದ್ದಳು. ಆದರೂ ಆ ಕೀಲಿಕೈ ಅವಳ ಜೀವ. ಅದೊಂದಿಲ್ಲದಿದ್ದರೆ ಅವಳ ಮನೆಯ ಬಾಗಿಲು ತಟ್ಟುವವರು ಯಾರೂ ಇರಲಿಲ್ಲ.

ಎಪ್ಪತ್ತಮೂರನೇ ವಯಸ್ಸಿಗೆ ಬಲಗೈಯ ಗೆಣ್ಣುಗಳು ಊದಿಕೊಂಡವು; ಗೇಣುದ್ದದ ಕಬ್ಬಿಣದ ಕೀಲಿಕೈ ತಿರುಗದಾಯಿತು. ಜಾಮ್ ಕದಡುವ ಸೌಟಿನ ಹಿಡಿಯನ್ನು ಕೀಲಿಕೈಯ ಬಳೆಯಂಥ ತಲೆಯೊಳಗೆ ತೂರಿಸಿ ಒತ್ತಿದರೆ ಬೀಗ ಬಿಚ್ಚಿಕೊಳ್ಳುತ್ತದೆಂದು ಕೆಜಿಯಾ ಕಂಡುಕೊಂಡಳು. ಸೌಟು ಏಪ್ರನ್ನಿನೊಳಗೆ ಗುಟ್ಟಾಗಿತ್ತು. ಆದರೆ ವಿಲ್ಗಾರನ ಹಬ್ಬದ ದಿನ ಏನು ಮಾಡುವುದು? ಅಂದು ಎಡಗೈಯಲ್ಲಿ ಮೇಣದಬತ್ತಿ ಹಿಡಿದು, ಊರೆಲ್ಲ ನೋಡುತ್ತಿರುವಾಗ ಬಲಗೈಯಿಂದಲೇ ಬೀಗ ತೆಗೆಯಬೇಕೆಂಬುದು ಹಳೇ ಪದ್ಧತಿ. ಆಗದವರು ಕೀಲಿಕೈ ಒಪ್ಪಿಸಬೇಕು. ಇಸಿದುಕೊಳ್ಳಲು ಚರ್ಚಿನ ಮೇಲ್ವಿಚಾರಕ ಸಿರಿಲ್ ಬಗ್ ತುದಿಗಾಲಲ್ಲಿ ನಿಂತಿದ್ದ.

ಹಬ್ಬಕ್ಕೆ ಎರಡು ದಿನವಿರುವಾಗ ಕೆಜಿಯಾ ಗೋರಿಯ ಕೋಣೆಗೆ ಹೋಗಿ, ಯಾರೂ ಇಲ್ಲವೆಂದು ನೋಡಿಕೊಂಡು, ಮಂಡಿಯೂರಿ ಬಲಗೈಯನ್ನು ತೂತಿಗೆ ತೂರಿಸಿದಳು. ಕೈಯೇನೋ ಹೋಯಿತು, ವಾಪಸು ಬರಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಪಾದ್ರಿ ಹಾಮಂಡ್ ಒಂದು ಬಸ್ಸು ಯಾತ್ರಿಕರನ್ನು ಕರೆತಂದರು. ಬರೀ ಕಲ್ಲು ಎನ್ನುತ್ತಿದ್ದವಳು ಕಲ್ಲಿನ ಮುಂದೆ ಮಂಡಿಯೂರಿದ್ದನ್ನು ಕಂಡು ಪಾದ್ರಿಗಳು ಟೋಪಿ ತೆಗೆದರು. ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿ ತಾವೂ ಮಂಡಿಯೂರಿದರು. ಹಿಂದೆ ಇಪ್ಪತ್ತೆಂಟು ಜನ. ಸಿಕ್ಕಿಕೊಂಡಿದ್ದೇನೆ ಅನ್ನುವ ಅವಮಾನಕ್ಕಿಂತ ಭಕ್ತೆಯಾಗುವ ಅವಮಾನವೇ ವಾಸಿ ಎಂದು ಕೆಜಿಯಾ ತುಟಿ ಬಿಗಿಹಿಡಿದಳು. ಮುಕ್ಕಾಲು ಗಂಟೆಯಾದ ಮೇಲೆ ಮಂಡಿ ಸೋತಿತು.

"ಪಾದ್ರಿಗಳೇ, ಯಾರ ಹತ್ರನಾದ್ರೂ ಬೆಣ್ಣೆ ಇದೆಯಾ?"

ಬುತ್ತಿಯ ಬ್ರೆಡ್ಡಿಗೆ ಸವರಿದ್ದ ಬೆಣ್ಣೆಯನ್ನು ಕೆರೆದು ತೆಗೆದು ಕೈ ಬಿಡಿಸಿದರು. ಯಾತ್ರಿಕಳೊಬ್ಬಳು ಕಣ್ಣೊರೆಸಿಕೊಂಡು, "ಸಂತ ನಿಮ್ಮ ಕೈ ಬಿಡಕ್ಕೇ ಒಪ್ಲಿಲ್ಲ ನೋಡಿ," ಎಂದಳು.

"ಊದಿದ ಕೈನ ಯಾವ ತೂತೂ ಬಿಡಲ್ಲ ಕಣಮ್ಮ," ಎಂದಳು ಕೆಜಿಯಾ.

ಹಬ್ಬದ ದಿನ ಗೆಣ್ಣಿನ ಊತ ಹಾಗೇ ಇತ್ತು, ಜೊತೆಗೆ ತರಚಿದ ಗಾಯ. ಹೇಗೂ ಮಾನ ಹೋಗಿದೆ, ಇನ್ನೇನು ಎಂದು ಅವಳು ಎಲ್ಲರೆದುರು ಸೌಟನ್ನು ಹೊರತೆಗೆದಳು.

"ಇದೇನು ಅಡುಗೆಮನೇನಾ, ಮಿಸೆಸ್ ಲಾರ್ಟರ್?" ಎಂದ ಸಿರಿಲ್.

"ಬಲಗೈಲಿ ತೆಗೀಬೇಕು ಅಂತ ತಾನೇ ಇರೋದು? ಸೌಟು ಹಿಡಿದಿರೋದು ಯಾವ ಕೈ, ನೀನೇ ಹೇಳು."

ಬೀಗ ತೆರೆಯಿತು. ಪಾದ್ರಿಗಳು ಪದ್ಧತಿಗೆ ಭಂಗವಾಗಿಲ್ಲ ಎಂದರು. ಕೀಲಿಕೈ ಅವಳಲ್ಲೇ ಉಳಿಯಿತು.

ಮರುವರ್ಷ ಯಾತ್ರಿಕರು ಮರದ ಸೌಟು ಹಿಡಿದುಕೊಂಡು ಬಂದರು. ಗೋರಿಯ ಮುಂದಿಟ್ಟು, ಸೌಟಿನ ಮುದುಕಿಯನ್ನು ಸಂತ ಕಾಪಾಡಿದ ಕಥೆಯನ್ನು ಅವಳಿಗೇ ಹೇಳಿದರು. ಕೆಜಿಯಾ ಬೈದುಕೊಂಡು ಅವನ್ನೆಲ್ಲ ಬುಟ್ಟಿಗೆ ತುಂಬಿ ಕೋಣೆಯ ಮೂಲೆಗೆ ತಳ್ಳಿದಳು. ಒಂದು ಸಂಜೆ ಬಾಗಿಲು ಹಾಕುವಾಗ ಅವಳ ಸ್ವಂತ ಸೌಟಿನ ಹಿಡಿ ಲಟಕ್ಕನೆ ಮುರಿಯಿತು. ಚೂರುಗಳನ್ನು ಏಪ್ರನ್ನಿಗೆ ತುರುಕಿಕೊಂಡಳು. ಒಳಗೆ ಹೋಗಿ, ಬುಟ್ಟಿ ಕೆದಕಿ, ದಪ್ಪ ಹಿಡಿಯ ಸೌಟೊಂದನ್ನು ಆರಿಸಿಕೊಂಡಳು. ಬಾಗಿಲವರೆಗೆ ಬಂದವಳು ತಿರುಗಿ ನಿಂತಳು. ಇಷ್ಟು ವರ್ಷದಲ್ಲಿ ಆ ಕಲ್ಲನ್ನು ಅವಳು ಮಾತಾಡಿಸಿದ್ದು ಅದೇ ಮೊದಲು.

"ಎರವಲು ಅಷ್ಟೇ ವಿಲ್ಗಾರ್. ನೀನೇನೂ ಅಂದ್ಕೋಬೇಡ."