ಅಮ್ಮನಿಗೆ ಹೇಳದ ಮೂರು ತಿಂಗಳು

ಆ ಡಾಕ್ಟರ್ ಮುದುಕಿಯ ಮುಖ ನೋಡಿಕೊಂಡೇ ಹೇಳಿಬಿಟ್ಟ: "ಸೆನ್ಯೋರಾ, ಇದು ಕ್ಯಾನ್ಸರ್."

ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಅವನ ಬಾಯಿ ಮುಚ್ಚಬೇಕು ಅನ್ನಿಸಿತ್ತು. ಸ್ಪೇನಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಮೇಲಿನ ಮಹಡಿಯ ಪಿಲಾರ್ ಅಜ್ಜಿಗೆ ಜೊತೆಯಾಗಿ ಆಸ್ಪತ್ರೆಗೆ ಹೋಗಿದ್ದೆ. ಅಯ್ಯೋ ದೇವರೇ, ಎಪ್ಪತ್ತು ದಾಟಿದ ಹೆಂಗಸಿಗೆ ಹೀಗಾ ಹೇಳೋದು? ಮಗನನ್ನು ಕರೆಸಬಾರದಿತ್ತಾ? ಈಕೆಯನ್ನು ಹೊರಗೆ ಕೂರಿಸಬಾರದಿತ್ತಾ? ಪಿಲಾರ್ ಮಾತ್ರ ಕೈಚೀಲದಿಂದ ಪುಸ್ತಕ ತೆಗೆದು, ಕೇಳಬೇಕಾದದ್ದನ್ನೆಲ್ಲ ಕೇಳಿ ಬರೆದುಕೊಂಡಳು. ಹೊರಗೆ ಬಂದು ತುಟಿಗೆ ಬಣ್ಣ ಹಚ್ಚಿಕೊಂಡು "ನಡಿ, ಕಾಫಿ ಕುಡಿಯೋಣ" ಎಂದಳು. ಕಾಫಿ ಮುಂದೆ ಕೂತು ಅತ್ತವಳು ನಾನು.

ದೊಡ್ಡಬಳ್ಳಾಪುರದಲ್ಲಿ ನಾನೂ ಏಳು ವರ್ಷ ಡಾಕ್ಟರಾಗಿದ್ದೆ. ಪೇಟೆಯಲ್ಲಿ ಸಣ್ಣದೊಂದು ಕ್ಲಿನಿಕ್ ಇತ್ತು. ರಿಪೋರ್ಟ್ ಕೆಟ್ಟದ್ದಾಗಿ ಬಂದರೆ ನಮ್ಮ ಪದ್ಧತಿ ಏನೆಂದು ನಿಮಗೆ ಗೊತ್ತೇ ಇದೆ. "ಅಮ್ಮಾ, ನೀವು ಸ್ವಲ್ಪ ಆಚೆ ಕೂತ್ಕೊಂಡಿರಿ" ಎಂದು ಕಾಯಿಲೆಯವರನ್ನು ಕಳಿಸಿ, ಮಗನನ್ನೋ ಗಂಡನನ್ನೋ ಒಳಗೆ ಕರೆಯುವುದು. ಅವರು ಕಣ್ಣೊರೆಸಿಕೊಂಡು, ನಗುಮುಖ ಹಾಕಿಕೊಂಡು ಆಚೆ ಹೋಗುವುದು. ಹಾಗೆ ಎಷ್ಟು ಜನರನ್ನು ಆ ಬೆಂಚಿನ ಮೇಲೆ ಕೂರಿಸಿದೆನೋ. ಅದನ್ನು ಕರುಣೆ ಎಂದೇ ತಿಳಿದಿದ್ದೆ.

ಗಂಡನಿಗೆ ಟೈಲ್ಸ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಕಾಸ್ತೆಯೋನ್ ಎಂಬ ಈ ಸಮುದ್ರದಂಚಿನ ಊರಿಗೆ ಬಂದೆವು. ಬಾಡಿಗೆ ಮನೆ ಕೇಳಿದರೆ 'ಪದ್ರೋನ್' ಎಲ್ಲಿ ಎನ್ನುತ್ತಿದ್ದರು. ಊರಿನ ನಿವಾಸಿಗಳ ಪಟ್ಟಿಯಲ್ಲಿ ಹೆಸರಿರುವ ಚೀಟಿ ಅದು. ಆ ಚೀಟಿ ಕೇಳಿದರೆ ಮನೆ ವಿಳಾಸ ಎಲ್ಲಿ ಎನ್ನುತ್ತಿದ್ದರು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ! ಕೊನೆಗೆ ನಮಗಾಗಿ ಮನೆಯೊಡೆಯನ ಹತ್ತಿರ ಜಗಳವಾಡಿದವಳು ಪಿಲಾರ್. ಅವಳ ಅಡುಗೆಮನೆಯಲ್ಲೇ ನನಗೆ ಭಾಷೆ ಬಂತು. ಬದಲಿಗೆ ನಾನು ಅವಳಿಗೆ ಹುರುಳಿಕಾಳಿನ ಬಸ್ಸಾರು ಉಣ್ಣಿಸಿದೆ. ಮೂಗು ಮುರಿದವಳು ಎರಡನೇ ಸಲ ತಟ್ಟೆ ಚಾಚಿದ ದಿನ ನನಗೆ ಚುನಾವಣೆ ಗೆದ್ದಷ್ಟು ಖುಷಿಯಾಗಿತ್ತು.

ಒಗ್ಗದೇ ಉಳಿದದ್ದು ಇಲ್ಲಿನ ಮಧ್ಯಾಹ್ನ. ಎರಡರಿಂದ ಐದರವರೆಗೆ ಅಂಗಡಿಗಳು ಬಾಗಿಲು ಹಾಕಿ ಊರೇ ಮಲಗಿಬಿಡುತ್ತದೆ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಪವರ್‌ಲೂಮ್ ಮಗ್ಗಗಳ ಸದ್ದು ನಿಂತರೆ ಕರೆಂಟ್ ಹೋಯಿತೆಂದೇ ಅರ್ಥ. ಈಗಲೂ ಸುತ್ತ ನಿಶ್ಶಬ್ದವಾದರೆ ನನ್ನ ಕೈ ಸ್ವಿಚ್ ಕಡೆಗೇ ಹೋಗುತ್ತದೆ.

ನನ್ನ ಡಿಗ್ರಿಗೆ ಇಲ್ಲಿ ಒಪ್ಪಿಗೆ ಬೇಕು. ಆ ಕಾಗದಗಳು ವರ್ಷಗಳಿಂದ ಯಾವುದೋ ಕಚೇರಿಯಲ್ಲಿ ನಿದ್ದೆ ಮಾಡುತ್ತಿವೆ. ಹಾಗಾಗಿ ಸ್ಟೆತಸ್ಕೋಪ್ ಪೆಟ್ಟಿಗೆಗೆ ಹಾಕಿ ಅನುವಾದಕ್ಕೆ ಕೂತೆ. ರೋಗಿಗಳು ಸಹಿ ಹಾಕುವ ಒಪ್ಪಿಗೆ ಪತ್ರ, ಔಷಧಿಯ ಜೊತೆ ಬರುವ ಚೀಟಿ, ಇಂಥವನ್ನೆಲ್ಲ ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ ತರುವುದು. ಯಾರ ನೌಕರಿಯೂ ಅಲ್ಲ. ಕೆಲಸ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಈ ಕಸುಬಿನಲ್ಲಿ ಒಂದು ಕ್ರಮವಿದೆ. ನಾನು ಸ್ಪ್ಯಾನಿಷಿಗೆ ತಂದದ್ದನ್ನು, ಮೂಲವನ್ನೇ ನೋಡದ ಇನ್ನೊಬ್ಬರು ತಿರುಗಿ ಇಂಗ್ಲಿಷಿಗೆ ತರುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಡುದಾರಿಯಲ್ಲಿ ಏನು ಕಳೆದುಹೋಯಿತೆಂದು ಬಯಲಾಗುತ್ತದೆ.

ಹೋದ ವರ್ಷ ತಮ್ಮ ಮಂಜ ಅಮ್ಮನ ಸ್ಕ್ಯಾನಿಂಗ್ ರಿಪೋರ್ಟ್ ವಾಟ್ಸಾಪಿನಲ್ಲಿ ಕಳಿಸಿದ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್; ಲಿವರಿಗೂ ಹಬ್ಬಿತ್ತು. ಓದಿ ಮುಗಿಸುವಷ್ಟರಲ್ಲಿ ಅವನ ಫೋನ್ ಬಂತು.

"ಅಕ್ಕ, ಅಮ್ಮಂಗೆ ಹೇಳ್ಬೇಡ. ಅಪ್ಪಂದೂ ಅದೇ ಮಾತು. ಎದೆ ಒಡ್ಕೊಂಡ್ಬಿಡ್ತಾಳೆ. ನೀನು ಡಾಕ್ಟ್ರು, ನೀನು ಹೇಳಿದ್ರೆ ನಂಬ್ತಾಳೆ."

ಹೌದು, ನಂಬಿದಳು. "ಪಿತ್ತಕೋಶದಲ್ಲಿ ಬಾವು ಅಮ್ಮ, ಮಾತ್ರೆಗೇ ಹೋಗುತ್ತೆ" ಎಂದೆ. ನನ್ನ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ಅಮ್ಮನಿಗೆ ರಾಜಘಟ್ಟದಲ್ಲಿ ಒಬ್ಬಳು ಅಕ್ಕ, ನನ್ನ ದೊಡ್ಡಮ್ಮ. ತನ್ನ ಮಗಳ ಮದುವೆಗೆ ದೊಡ್ಡಮ್ಮ ತಾನೇ ಬಂದು ಕುಂಕುಮ ಕೊಟ್ಟು ಕರೆಯದೆ, ಯಾರ ಕೈಯಲ್ಲೋ ಲಗ್ನಪತ್ರಿಕೆ ಕಳಿಸಿದ್ದಳು. ಅಂದಿನಿಂದ ಹನ್ನೊಂದು ವರ್ಷ ಇಬ್ಬರಿಗೂ ಮಾತಿಲ್ಲ. ಫೋನಿನಲ್ಲಿ ಅಮ್ಮ ಅವಳ ಸುದ್ದಿ ತೆಗೆದಾಗಲೆಲ್ಲ ಒಂದೇ ಮಾತು: "ಮೈ ಸರಿಹೋಗ್ಲಿ, ಆಮೇಲೆ ಹೋಗ್ತೀನಿ. ಈಗ ಹೋದ್ರೆ ಕಾಯ್ಲೆ ಬಂತು ಅಂತ ಬಂದ್ಲು ಅಂತಾಳೆ."

ಸರಿಹೋಗುವುದಿಲ್ಲವೆಂದು ಗೊತ್ತಿದ್ದವಳು ನಾನು. "ಹೂಂ ಅಮ್ಮ, ಆಮೇಲೆ ಹೋಗೀವಂತೆ" ಎನ್ನುತ್ತಾ ಮೂರು ತಿಂಗಳು ನೂಕಿದೆ.

ಆಗಲೇ ಒಂದು ಒಪ್ಪಿಗೆ ಪತ್ರ ತಿರುಗಿ ಬಂತು. ಮೂಲದಲ್ಲಿ ಕ್ಯಾನ್ಸರ್ ಎಂದಿದ್ದ ಕಡೆ ನಾನು 'ಬುಲ್ತೊ' ಎಂದು ಬರೆದಿದ್ದೆ. ಇಲ್ಲಿ ಗಂಟಿಗೆ ಹಾಗೆನ್ನುತ್ತಾರೆ. ಬೇಕೆಂದು ಮಾಡಿದ್ದಲ್ಲ, ಹಳೇ ಕೈ ತಾನಾಗಿ ಮಾಡಿತ್ತು. ಪಕ್ಕದಲ್ಲಿ, ಎರಡನ್ನೂ ಹೋಲಿಸಿ ನೋಡಿದ ಪರಿಶೀಲಕಿಯ ಟಿಪ್ಪಣಿ: "ಇದು ರೋಗಿಗೆ ಸೇರಿದ ಮಾತು. ಕಡಿಮೆ ಮಾಡಲು ನಾವು ಯಾರು?" ಅದೇ ಸಂಜೆ ಫೋನಿನಲ್ಲಿ ಅಮ್ಮ ಪಕ್ಕದ ಮನೆಯವರಿಗೆ ಹೇಳುವುದು ಕೇಳಿಸಿತು: "ಬರೀ ಬಾವಂತೆ ಕಣ್ರೀ. ನಮ್ ಶಶಿ ನೋಡಿ ಹೇಳವ್ಳಲ್ಲ, ಇನ್ನೇನು ಭಯ?" ನಾನು ಕೊಟ್ಟ ಅನುವಾದ ನನಗೇ ತಿರುಗಿ ಬಂದಿತ್ತು. ಅದರಲ್ಲಿ ಏನೇನು ಕಳೆದಿದೆಯೆಂದು ಯಾರೂ ತೋರಿಸಬೇಕಾಗಿರಲಿಲ್ಲ. ನಾಚಿಕೆಯಿಂದ ಸತ್ತುಹೋದೆ.

ಆ ವಾರವೇ ಊರಿಗೆ ಹೋದೆ. ಮಂಜನಿಗೆ ಮಗ್ಗ ನಿಲ್ಲಿಸು ಎಂದೆ.

"ಕರೆಂಟ್ ಹೋಯ್ತೇನೇ?" ಎಂದಳು ಮಂಚದ ಮೇಲಿದ್ದ ಅಮ್ಮ.

"ಇಲ್ಲಮ್ಮ, ನಾನೇ ನಿಲ್ಸಿದ್ದು."

ರಿಪೋರ್ಟ್ ತೆಗೆದು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. ಒಂದು ಮಾತನ್ನೂ ನುಂಗಲಿಲ್ಲ. ಅಮ್ಮ ಅಳಲಿಲ್ಲ.

"ಎಷ್ಟು ದಿನ?"

"ಒಂದು ತಿಂಗಳು ಇರ್ಬೋದಮ್ಮ."

"ನಿಂಗೆ ಯಾವತ್ತಿಂದ ಗೊತ್ತು?"

"ಮೂರು ತಿಂಗಳಿಂದ."

ಅಮ್ಮ ನನ್ನನ್ನೇ ನೋಡಿದಳು. "ಕಾಯ್ಲೆ ತಿನ್ನೋದು ಹಂಗಿರ್ಲಿ, ಮೂರು ತಿಂಗಳು ನೀನೇ ತಿಂದ್ಬಿಟ್ಯಲ್ಲೇ!"

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುತ್ತಾರೆ. ಆ ಒದೆ ನನಗೆ ಸಲ್ಲಬೇಕಾದದ್ದೇ, ಆದರೆ ಹೇಳಿದ್ದಕ್ಕಲ್ಲ.

ಆಮೇಲೆ ಅಮ್ಮ ಕಾರು ತರಿಸಿದಳು. ರಾಜಘಟ್ಟದ ಮನೆ ಮುಂದೆ ನಿಲ್ಲಿಸಿದರೆ ಇಳಿಯಲು ಮೈಯಲ್ಲಿ ಶಕ್ತಿಯಿಲ್ಲ. ದೊಡ್ಡಮ್ಮ ಬಾಗಿಲಿಗೆ ಬಂದಳು, ನೋಡಿದಳು, ಒಳಗೆ ಓಡಿ ಹೋಗಿ ಕುಂಕುಮದ ಬಟ್ಟಲು ತಂದು ಕಾರಿನ ಕಿಟಕಿಯಿಂದಲೇ ತಂಗಿಯ ಹಣೆಗಿಟ್ಟಳು.

"ಈಗ ಬಂದ್ಯಾ ಕರೆಯಕ್ಕೆ? ನಿನ್ ಮಗಳಿಗೆ ಮಕ್ಳಾಗಿ ಅವು ಸ್ಕೂಲಿಗೂ ಹೋಗ್ತಾವೆ" ಎಂದಳು ಅಮ್ಮ.

"ಬಾಯ್ಮುಚ್ಚೇ, ಸರ್ಕೋ ಆ ಕಡೆ" ಎಂದು ದೊಡ್ಡಮ್ಮ ಪಕ್ಕದಲ್ಲೇ ಹತ್ತಿ ಕೂತಳು. ಉಟ್ಟ ಸೀರೆಯಲ್ಲೇ ನಮ್ಮ ಮನೆಗೆ ಬಂದವಳು ಅಮ್ಮ ಹೋಗುವವರೆಗೂ ಅಲ್ಲೇ ಇದ್ದಳು. ಅವರಿಗೆ ಸಿಕ್ಕಿದ್ದು ಹತ್ತೊಂಬತ್ತು ದಿನ. ಬೈದಾಡಿದರು, ನಕ್ಕರು, ಒಂದೇ ಲೋಟದಲ್ಲಿ ಗಂಜಿ ಕುಡಿದರು. ಅದನ್ನೆಲ್ಲ ನೋಡಿ ನಾನು ಹಿತ್ತಲಿಗೆ ಹೋಗಿ ಅಳುತ್ತಿದ್ದೆ.

ಮಂಜ ಈಗಲೂ ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ. "ಅಲ್ಲಿಗೋಗಿ ಕಲ್ಲಾಗ್ಬಿಟ್ಟೆ ನೀನು. ಹೆತ್ತವಳ ಮುಖ ನೋಡ್ಕೊಂಡು ಅದ್ಹೆಂಗೆ ಹೇಳ್ದೆ?" ಎಂದಿದ್ದ. ಆಪರೇಷನ್ ಮುಗಿಸಿ ಇವತ್ತಿಗೂ ಗಟ್ಟಿಯಾಗಿರುವ ಪಿಲಾರಿಗೆ ಎಲ್ಲ ಹೇಳಿಕೊಂಡರೆ ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ಹೆತ್ತವಳಿಗೆ ಮೂರು ತಿಂಗಳು ಅದ್ಹೇಗೆ ಹೇಳದೆ ಇದ್ದೆ?" ಎಂದಳು. ಆ ಊರಿಗೂ ತಪ್ಪಿತಸ್ಥೆ, ಈ ಊರಿಗೂ ತಪ್ಪಿತಸ್ಥೆ.

ಈ ವಾರ ಬಂದ ಒಪ್ಪಿಗೆ ಪತ್ರದ ಕೊನೆಯ ಸಾಲು ಹೀಗಿದೆ: ನಿಮ್ಮ ಕಾಯಿಲೆಯ ಬಗ್ಗೆ ತಿಳಿಯಬೇಕಾದದ್ದನ್ನೆಲ್ಲ ನಿಮ್ಮ ಡಾಕ್ಟರ್ ಸಕಾಲದಲ್ಲಿ ತಿಳಿಸಿದ್ದಾರೆಯೇ? ಅದರ ಕೆಳಗೆ ಹೌದು, ಇಲ್ಲ ಎಂದು ಎರಡು ಖಾಲಿ ಚೌಕ. ಒಂದಕ್ಷರ ಕಡಿಮೆಯಾಗದಂತೆ ಸ್ಪ್ಯಾನಿಷಿಗೆ ತಂದೆ. ಅಮ್ಮನಾಗಿದ್ದರೆ ಯಾವುದಕ್ಕೆ ಗುರುತು ಹಾಕುತ್ತಿದ್ದಳೆಂದು ನನಗೆ ಗೊತ್ತು.